ಥೂ ಅನ್ನದ ಕೂದಲು

“ತಮಾಸೆಗೂ ಅಂಗ್ ಅನ್ಬ್ಯಾಡಿ ಸಾ. ಒಸ್ಲು ಕೇಳಿಸ್ಕತದ.”

ಬ್ರೋಕರ್ ಪುಟ್ಟಮಾದಯ್ಯ ಹೀಗಂದು ಟೀ ಲೋಟವನ್ನು ಬೆಂಚಿನ ಮೇಲೆ ಕುಕ್ಕಿದ. ಅರ್ಧ ಟೀ ಹಾಗೇ ಇತ್ತು. ಮಲ್ಲಿಕಾರ್ಜುನಸ್ವಾಮಿಗೆ ನಗು ತಡೆಯಲಾಗಲಿಲ್ಲ.

ಅವನು ತುಮಕೂರು ಕಡೆಯವನು. ಬೈಕ್ ಶೋರೂಮಿನ ಮ್ಯಾನೇಜರಾಗಿ ಕೊಳ್ಳೇಗಾಲಕ್ಕೆ ಬಂದವನು. ಶೋರೂಮಿನಲ್ಲಿ ಎಲ್ಲರಿಗೂ ಬರೀ ಸ್ವಾಮಿ ಸರ್. ಬಂದಾಗಿನಿಂದ ಮೂರು ಬಾಡಿಗೆ ಮನೆ ಬದಲಾಯಿಸಿದ್ದ. ಈಗ ಸ್ವಂತ ಮನೆಯ ಹುಚ್ಚು ಹತ್ತಿತ್ತು. ನಿನ್ನೆ ಮೊನ್ನೆ ಭತ್ತ ಬೆಳೆಯುತ್ತಿದ್ದ ಗದ್ದೆಗಳಲ್ಲೆಲ್ಲ ಸೈಟು ಕಲ್ಲು ಎದ್ದಿದ್ದವು. ಆದರೆ ಅವನ ಕೈಗೆ ಎಟುಕುವಂಥದ್ದು ಹೊಸ ಬಡಾವಣೆಯಲ್ಲಿ ಒಂದೇ ಒಂದಿತ್ತು, ಚಿಕ್ಕಬಸಮ್ಮನ ಮನೆ. ಅವಳೋ ಕೊಡಲೊಲ್ಲಳು.

“ಸುಮ್ನೆ ಅಂದೆ ಕಣಯ್ಯ,” ಸ್ವಾಮಿ ಇನ್ನೂ ನಗುತ್ತಿದ್ದ. “ನಾಲ್ಕು ನಿಂಬೆಹಣ್ಣು, ಒಂದು ಗೊಂಬೆ. ಅವಳ ಬಾಗಿಲ ಮುಂದೆ ಇಟ್ಟರೆ ತಾನೇ ಬಂದು ಬೀಗದ ಕೈ ಕೊಡ್ತಾಳೆ. ಕೊಳ್ಳೇಗಾಲ ಅಲ್ವಾ!”

“ಊರ್ ಎಸ್ರು ಕೇಳ್ದೇಟ್ಗೆ ಎಲ್ಲಾರೂ ಇದ್ನೇ ಅಂದು ನಗ್ತರ. ಇಲ್ಲಿ ರೇಸ್ಮ ನೇಯೋರವ್ರ, ಬತ್ತ ಬೆಳ್ಯೋರವ್ರ, ಅವರ ಸುದ್ದಿ ಯಾರ್ಗೂ ಬ್ಯಾಡ.” ಪುಟ್ಟಮಾದಯ್ಯ ಎದ್ದು ಪಂಚೆ ಕೊಡವಿದ. “ಇಡೋನ್ಗ ನಂಬ್ಕ ಇಲ್ದೇ ಇರ್ಬೌದು ಸಾ. ಇಟ್ಟಿದ್ದಕ್ಕ ಇರ್ತದ.”

ಚಿಕ್ಕಬಸಮ್ಮ ಹಾಸ್ಟೆಲೊಂದರಲ್ಲಿ ಅಡುಗೆ ಮಾಡುತ್ತಿದ್ದಳು. ಗಂಡ ಇಲ್ಲ. ನರ್ಸಿಂಗ್ ಓದುವ ಮಗಳು. ಎರಡು ರೂಮಿನ ಆ ಮನೆಯನ್ನು ಒಂದೊಂದೇ ಗೋಡೆಯಾಗಿ ಎಬ್ಬಿಸಿದ್ದಳು. ಬಾಗಿಲಿಗೆ ಮಾತ್ರ ಅಗಲವಾದ ಬೇವಿನ ಹೊಸಿಲು. ಬೆಳಿಗ್ಗೆ ಬೆಳಿಗ್ಗೆ ಅದಕ್ಕೆ ಅರಿಶಿನ ಹಚ್ಚಿ, ಎಳೆ ರಂಗೋಲಿ ಬಿಡಿಸುತ್ತಿದ್ದಳು. “ನನ್ ಮಗ್ಳು ಈ ಒಸ್ಲು ದಾಟ್ಕಂಡೇ ಮದ್ವಗ ಓಗ್ಬೇಕು ಸಾ. ಅಲ್ಲೀಗಂಟ ಕೇಳ್ಬ್ಯಾಡಿ,” ಎಂದಿದ್ದಳು ಸ್ವಾಮಿಗೆ.

ಎದುರಿನ ಬಾಡಿಗೆ ಮನೆಯಿಂದ ಸ್ವಾಮಿಯ ಹೆಂಡತಿ ಮಂಗಳ ದಿನಾ ಆ ರಂಗೋಲಿ ನೋಡುತ್ತಿದ್ದಳು.

“ಬಾಡಿಗೆ ಮನೆ ಹೊಸಿಲಿಗೆ ಎಷ್ಟು ಅರಿಶಿನ ಹಚ್ಚಿದ್ರೂ ಪುಣ್ಯ ಓನರ್‌ಗೇ ಅಲ್ವೇನ್ರೀ?” ಎಂದು ಗಂಡನನ್ನು ಕೆಣಕುತ್ತಿದ್ದಳು. ಆಮೇಲೆ ಮೆಲ್ಲಗೆ, “ನಂಗೂ ಒಂದು ಹೊಸಿಲು ಬೇಕು,” ಅನ್ನುತ್ತಿದ್ದಳು.

ಆ ಮಾತೇ ಸಾಕಾಯಿತು. ಅವಳಿಗಾಗಿಯೇ ಮಾಡುತ್ತಿದ್ದೇನೆ ಎಂದು ಸ್ವಾಮಿ ತನಗೆ ತಾನೇ ಹೇಳಿಕೊಂಡ.

ಗ್ರಂದಿಗೆ ಅಂಗಡಿಯಲ್ಲಿ ಕುಂಕುಮ, ಕರಿದಾರ, ಸೂಜಿ ಕೊಂಡ. ಮೊಬೈಲಿನಲ್ಲಿ ವಿಡಿಯೊ ನೋಡಿ ಅಕ್ಕಿಹಿಟ್ಟಿನ ಗೊಂಬೆ ಮಾಡಿದ. ಗೊಂಬೆ ಥೇಟ್ ಕೋಡುಬಳೆಯಂತೆ ಬಂದಿತ್ತು, ಅದಕ್ಕೂ ನಕ್ಕ. ಇನ್ನು ಕೂದಲು ಬೇಕಿತ್ತು. ಕೂದಲಿಲ್ಲದಿದ್ದರೆ ಯಾರು ಹೆದರುತ್ತಾರೆ?

ಮಂಗಳಳಿಗೆ ಮೊಣಕಾಲು ಮುಟ್ಟುವ ಜಡೆ. ಬಾಚಿದ ಮೇಲೆ ಉದುರಿದ್ದನ್ನೆಲ್ಲ ಬೆರಳಿಗೆ ಸುತ್ತಿ ಉಂಡೆ ಮಾಡಿ, ‘ಥೂ ಥೂ ಥೂ’ ಎಂದು ಮೂರು ಸಲ ಉಗಿದು ಕಿಟಕಿ ಸಂದಿಗೆ ತುರುಕುತ್ತಿದ್ದಳು. ಕೂದಲು ಕೊಳ್ಳುವವಳು ಬಂದರೆ ಸ್ಟೀಲ್ ಡಬ್ಬಿಗಾಗುತ್ತದೆ ಎಂದು. ಉಗಿಯದ ಕೂದಲು ಮನೆ ದಾಟಬಾರದು, ಅವಳ ಅಜ್ಜಿ ಹೇಳಿಕೊಟ್ಟಿದ್ದು. ಅವತ್ತು ಬಾಚುತ್ತಿರುವಾಗ ಕುಕ್ಕರ್ ಕೂಗಿತು. ಬಾಚಣಿಗೆಯನ್ನು ಹಾಗೇ ಬಿಟ್ಟು ಎದ್ದು ಓಡಿದಳು.

ಸ್ವಾಮಿ ಬಾಚಣಿಗೆಯ ಹಲ್ಲಿನಿಂದ ಕೂದಲು ಬಿಡಿಸಿಕೊಂಡ. ಇನ್ನೂ ಒದ್ದೆ. ಸೀಗೆಕಾಯಿಯ ವಾಸನೆ. ಗೊಂಬೆಯ ಕುತ್ತಿಗೆಗೆ ಸುತ್ತಿ, ಮೇಲೆ ಕರಿದಾರ ಬಿಗಿದ. ಶೂ ಲೇಸಿಗೆ ಹಾಕುವ ಚಿಟ್ಟೆಗಂಟು. ಅವನಿಗೆ ಬರುತ್ತಿದ್ದದ್ದು ಅದೊಂದೇ.

ಅಮಾವಾಸ್ಯೆಯ ನಸುಕು. ಮಂಜು. ಎಲ್ಲೋ ರೇಷ್ಮೆಗೂಡು ಬೇಯಿಸುವ ವಾಸನೆ ಗಾಳಿಯಲ್ಲಿ ತೇಲುತ್ತಿತ್ತು. ಬೇವಿನ ಹೊಸಿಲ ಮೇಲೆ ಗೊಂಬೆಯಿಟ್ಟು, ಪೂಜಾರಿಯ ದನಿ ಮಾಡಿ ಪಿಸುಗುಟ್ಟಿದ: “ಈ ಮನೆ ನಿನ್ನ ನುಂಗಲಿ.”

ಹೊಸಿಲು ಲಟಕ್ ಎಂದಿತು. ಮರ ಥಂಡಿಗೆ ಹಾಗೇ ಅನ್ನುತ್ತದೆ ಎಂದುಕೊಂಡ.

ಬೆಳಗಾಯಿತು. ಚಿಕ್ಕಬಸಮ್ಮ ನೀರಿನ ಚೊಂಬು ಹಿಡಿದು ಬಾಗಿಲು ತೆರೆದಳು. ಕಿರುಚಲಿಲ್ಲ. ಹಿಂದೆ ಬರುತ್ತಿದ್ದ ಮಗಳ ರಟ್ಟೆಯನ್ನು ಹಿಡಿದು ಒಳಕ್ಕೆ ನೂಕಿದಳು, ಅಷ್ಟೆ. ಚೊಂಬಿನ ನೀರು ತುಳುಕಿ ಸೀರೆಯೆಲ್ಲ ಒದ್ದೆಯಾಯಿತು. ಹಾಲಿನ ಪ್ಯಾಕೆಟ್ ಹಿಡಿದು ಎದುರಿಗೆ ನಿಂತಿದ್ದ ಸ್ವಾಮಿ ನಗಬೇಕೆಂದುಕೊಂಡ. ನಗು ಬರಲಿಲ್ಲ.

ತಿಂಗಳೊಳಗೆ ಮನೆ ಅವನದಾಯಿತು. ಅರ್ಧ ಬೆಲೆಗೆ. ರಿಜಿಸ್ಟರ್ ಆಫೀಸಿನ ಅಂಗಳದಲ್ಲಿ ಚಿಕ್ಕಬಸಮ್ಮ ಅವನಿಗೆ ಕೈ ಮುಗಿದಳು.

“ಇಂತಾ ಮನ ಯಾರ್ ಸಾ ತಕ್ಕತರ? ನಿಮ್ ಪುಣ್ಯ. ನನ್ ಮಗ್ಳ ಉಳಿಸ್ಕಂಡೆ.”

ಸ್ವಾಮಿಯ ಬಾಯಲ್ಲಿ ಒಂದು ಕೂದಲಿತ್ತು. ಎಲ್ಲಿಂದ ಬಂತೋ. ನಾಲಿಗೆಯ ತುದಿಯಿಂದ ತಳ್ಳಿದ. ಹೋಗಲಿಲ್ಲ. ನುಂಗಿದ.

ಮಂಗಳ ಬಲಗಾಲಿಟ್ಟು ಒಳಗೆ ಬಂದಳು. ಹೊಸಿಲಿಗೆ ಅರಿಶಿನ ಮೆತ್ತಿ ಮೆತ್ತಿ ಕೈಯೆಲ್ಲ ಹಳದಿ ಮಾಡಿಕೊಂಡಳು. “ಈ ಪುಣ್ಯ ಪೂರ್ತಿ ನಂದೇ!” ಎಂದು ಚಪ್ಪಾಳೆ ತಟ್ಟಿದಳು. ಆಮೇಲೆ ದಿನಗಳೆದಂತೆ ರಂಗೋಲಿ ಹೊರಗಿನಿಂದ ಒಳಗೆ ಸರಿಯಿತು. ಹೊಸಿಲಿನ ಒಳಗೇ ಕೂತು, ಕೈ ಮಾತ್ರ ಚಾಚಿ ಗೆರೆ ಎಳೆಯುತ್ತಿದ್ದಳು.

“ಸಂತೆಗೆ ಬರಲ್ವಾ?”

“ನಾಳೆ ಹೋದ್ರಾಯ್ತು ಬಿಡ್ರೀ.”

ನಾಳೆಗಳು ಕಳೆದವು. ಅನ್ನದಲ್ಲಿ ಕೂದಲು. ನಲ್ಲಿಯ ಬಾಯಲ್ಲಿ ಕೂದಲು. ದಿಂಬಿನ ಮೇಲೆ, ದೇವರ ದೀಪದ ಎಣ್ಣೆಯಲ್ಲಿ. ಎಲ್ಲೂ ಒಲೆ ಹಚ್ಚದಿದ್ದರೂ ಸುಟ್ಟ ಕೂದಲಿನ ಕಮಟು. ಮಂಗಳಳ ಜಡೆ ಮೊಣಕಾಲಿನಿಂದ ಸೊಂಟಕ್ಕೆ, ಸೊಂಟದಿಂದ ಹೆಗಲಿಗೆ ಬಂತು. ಕೆನ್ನೆಗಳು ಒಳಗೆ ಸೇರಿದವು. ಮನೆಗೇ ಬಂದು ನೋಡಿದ ಡಾಕ್ಟರು ರಕ್ತ ಕಮ್ಮಿ ಎಂದು ಟಾನಿಕ್ ಬರೆದರು.

ಯುಗಾದಿಗೆ ಊರಿಗೆ ಹೊರಟಾಗ ಗೊತ್ತಾಯಿತು. ಆಟೊ ಬಾಗಿಲಿಗೆ ಬಂದಿತ್ತು. ಮಂಗಳ ಹೊಸ ಸೀರೆಯುಟ್ಟು ಕಾಲೆತ್ತಿದಳು. ಕಾಲು ಹೊಸಿಲಿನ ಮೇಲೆ ಗಾಳಿಯಲ್ಲಿ ನಿಂತಿತು. ಮುಖ ಕಪ್ಪಿಟ್ಟಿತು. ಗಂಟಲು ಹಿಡಿದುಕೊಂಡು ಕುಸಿದಳು.

“ರೀ... ಏನೋ... ಸಿಕ್ಕಂಡಿದೆ...”

ಸ್ವಾಮಿ ಅವಳ ಬಾಯಿಗೆ ಬೆರಳು ಹಾಕಿದ. ತುದಿ ಸಿಕ್ಕಿತು. ಎಳೆದ. ಬಂತು. ಇನ್ನೂ ಎಳೆದ. ಇನ್ನೂ ಬಂತು. ಒಂದೇ ಕೂದಲು, ಬಿಸಿನೀರಿನಲ್ಲಿ ಬೆಂದ ಗೂಡಿನಿಂದ ನೂಲು ಬಿಚ್ಚಿಕೊಳ್ಳುವ ಹಾಗೆ, ಮೊಳಗಟ್ಟಲೆ, ಒದ್ದೆಯಾಗಿ, ಬೆಚ್ಚಗೆ. ಕೊನೆಯಲ್ಲಿ ಒಂದು ಕರಿದಾರ.

ಚಿಟ್ಟೆಗಂಟು.

ಅವನ ಗಂಟು.

ಮಂಗಳ ಅದನ್ನು ನೋಡುವ ಮೊದಲೇ ಅದನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ. “ಏನಿಲ್ಲ, ಕಫ,” ಎಂದ. ಆಟೊ ಖಾಲಿ ಹೋಯಿತು.

ಮರುದಿನ ಬೈಕ್ ಹತ್ತಿ ಕಾಮಗೆರೆ, ಹನೂರು ದಾಟಿ ರಾಮಾಪುರಕ್ಕೆ ಹೋದ. ಚಿಕ್ಕಬಸಮ್ಮ ಈಗ ಅಲ್ಲಿಯ ಬಸ್‌ಸ್ಟಾಪಿನ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದಳು. ಇವನನ್ನು ಕಂಡದ್ದೇ ಸೌಟು ಬಿಟ್ಟು ಎದ್ದು ಬಂದಳು.

“ಕುಂತ್ಕಳಿ ಸಾ. ಮಂಗಳವ್ವ ಚೆಂದಾಗವ್ರ? ಒಂದ್ ದೋಸ ತಿನ್ನಿ.”

ಸ್ವಾಮಿ ಬೆಂಚಿನ ತುದಿಗೆ ಕೂತ. “ಆವತ್ತು ಹೊಸಿಲ ಮೇಲಿತ್ತಲ್ಲ... ಅದನ್ನ ಏನು ಮಾಡಿದ್ರಿ?”

ಚಿಕ್ಕಬಸಮ್ಮ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. “ಕಾಡಂಚಲ್ಲಿ ನಮ್ಗ ಬೇಕಾದೋರು ಒಬ್ರು ಅವ್ರ, ಸಿದ್ದಮಲ್ಲಪ್ಪ ಅಂತ. ಅವ್ರತ್ರ ಆ ಮಾಟವ ತಿರುಗುಸ್ಬುಟ್ಟೆ. ಕೂದ್ಲು ಯಾರ್ದೋ ಅವರ್ಗೇ ಓಗ್ಲಿ ಅಂತ. ಆಮ್ಯಾಕ ಒಟ್ಟೆ ಉರೀತು ಸಾ. ಇಡೋರು ತಮ್ ಕೂದ್ಲು ಇಟ್ಟಾರಾ? ಅದ್ಯಾವ ಪಾಪದ್ ಎಂಗ್ಸ್ದೋ ಏನೋ. ರಾತ್ರಿ ನಿದ್ದ ಬರಾಕಿಲ್ಲ ನಂಗ.”

“ಅದನ್ನ... ಬಿಡಿಸಬಹುದಾ?”

“ಇಟ್ಟೋನು ಆ ಎಂಗ್ಸಿನ ಮುಂದ ನಿಂತು ಬಾಯ್ಬುಟ್ಟು ಏಳ್ಬೇಕಂತ. ಏಳಿ, ತನ್ ಕೂದ್ಲ ಅದೇ ಜಾಗಕ್ಕ ಇಡ್ಬೇಕಂತ. ಅವಳ್ನ ಬುಡ್ತದ.” ಅವಳು ಸೆರಗಿನಿಂದ ಬೆವರೊರೆಸಿಕೊಂಡಳು. “ಬುಡ್ತದ ಅಂದ್ರ ಓಯ್ತದ ಅಂತಲ್ಲ ಸಾ. ಇವ್ನ ಇಡ್ಕತದ. ಯಾಕ ಕೇಳ್ತೀರಿ?”

ಹೇಳಬೇಕಿತ್ತು. ಅಲ್ಲೇ, ಆ ದೋಸೆಯ ಹೊಗೆಯಲ್ಲಿ, ಅವಳ ಕಾಲು ಹಿಡಿದು.

“ಸುಮ್ನೆ,” ಎಂದ. ದೋಸೆ ತಿಂದ. ಅವಳು ದುಡ್ಡು ತೆಗೆದುಕೊಳ್ಳಲಿಲ್ಲ.

ದಾರಿಯುದ್ದಕ್ಕೂ ಲೆಕ್ಕ ಹಾಕಿದ. ಬೇರೆ ಡಾಕ್ಟರಿದ್ದಾರೆ. ಬೇರೆ ಮಂತ್ರವಾದಿ ಸಿಗಬಹುದು. ಹೇಳದೆಯೇ ಕಳೆಯುವ ದಾರಿ ಇರಬಹುದು. ಮಂಗಳ ತನ್ನನ್ನು ನೋಡುವ ಕಣ್ಣು ಬದಲಾಗದೆ, ಮನೆಯೂ ಉಳಿದು...

ಮನೆ ಮುಟ್ಟುವಾಗ ಹೊತ್ತು ಮುಳುಗಿತ್ತು. ಬಡಾವಣೆಯಲ್ಲಿ ಕರೆಂಟಿಲ್ಲ. ಬಾಗಿಲು ಅರೆ ತೆರೆದಿತ್ತು. ಒಳಗೆ ಸೀಗೆಕಾಯಿಯ ವಾಸನೆ, ಉಸಿರುಗಟ್ಟುವಷ್ಟು.

“ಮಂಗಳಾ?”

ಸರ್ರ್... ಸರ್ರ್... ಬಾಚಣಿಗೆ ಎಳೆಯುವ ಸದ್ದು.

ಮೊಬೈಲಿನ ಟಾರ್ಚ್ ಹಾಕಿದ. ಮಂಗಳ ಗೋಡೆಗೆ ತಲೆ ಆನಿಸಿ ಕೂತಿದ್ದಳು. ಕೈಯಲ್ಲಿ ಬಾಚಣಿಗೆ ಇರಲಿಲ್ಲ. ಕೂದಲು ತಾನೇ ಚಲಿಸುತ್ತಿತ್ತು. ಅವಳ ನೆತ್ತಿಯಿಂದ ಹೊರಟು ಗೋಡೆಯ ಬಿರುಕಿನೊಳಗೆ ಹೋಗುತ್ತಿತ್ತು. ಮೆಲ್ಲಗೆ. ಗೋಡೆ ಎಳೆದುಕೊಳ್ಳುತ್ತಿತ್ತು. ಶ್ಯಾವಿಗೆ ಹೀರುವ ಹಾಗೆ. ಒಂದು ಕಿವಿ ಆಗಲೇ ಗಾರೆಗೆ ಅಂಟಿತ್ತು.

ಸ್ವಾಮಿ ಓಡಿದ. ಎಳೆದ. ಗೋಡೆಯೂ ಎಳೆಯಿತು. ಮಂಗಳ ಚೀರಿದಳು. ಕತ್ತರಿ ತಂದ. ಕತ್ತರಿಸಿದ. ಕತ್ತರಿಸಿದಲ್ಲೇ ಮತ್ತೆ ಬೆಳೆಯಿತು. ಮತ್ತೆ ಗೋಡೆಗೆ. ಗೋಡೆ ಬೆಚ್ಚಗಿತ್ತು. ಒಳಗೆ ಏನೋ ನುಂಗುತ್ತಿತ್ತು. ಗುಟುಕ್. ಗುಟುಕ್.

“ರೀ,” ಮಂಗಳಳ ದನಿ ಬಾವಿಯೊಳಗಿಂದ ಬಂದಂತಿತ್ತು. “ನಾನು ಯಾರಿಗೆ ಏನ್ ಮಾಡಿದ್ದೆ ರೀ?”

ಕತ್ತರಿ ಕೈಯಿಂದ ಬಿತ್ತು.

“ನೀನಲ್ಲ. ನಾನು,” ಎಂದ. “ನಾನೇ, ಮಂಗಳಾ. ಆ ಗೊಂಬೆ ನಾನಿಟ್ಟಿದ್ದು. ಚಿಕ್ಕಬಸಮ್ಮನ್ನ ಓಡಿಸೋಕೆ. ನಿನ್ನ ಬಾಚಣಿಗೆಯ ಕೂದಲು. ನೀನಿನ್ನೂ ಥೂ ಅಂದಿರಲಿಲ್ಲ. ಸುಳ್ಳು ಅಂದ್ಕೊಂಡಿದ್ದೆ. ನಿನ್ನೆನೇ ಗೊತ್ತಾಯ್ತು. ಇವತ್ತು ದಾರಿನೂ ಗೊತ್ತಾಯ್ತು. ಗೊತ್ತಾದ ಮೇಲೂ ಹೇಳದೆ ಇರೋಣ ಅಂತಿದ್ದೆ.”

ಗೋಡೆಯ ಗುಟುಕು ನಿಂತಿತು. ಮನೆ ಕಿವಿಗೊಟ್ಟಿತ್ತು.

ಕತ್ತಲಲ್ಲಿ ಕತ್ತರಿ ತಡಕಿದ. ತನ್ನ ತಲೆಯ ಕೂದಲನ್ನು ಮುಷ್ಟಿಯಲ್ಲಿ ಹಿಡಿದು ಕಚಕ್ಕೆಂದು ಕತ್ತರಿಸಿದ. ಚರ್ಮವೂ ಬಂತು. ತೆವಳಿ ಹೋಗಿ ಬೇವಿನ ಹೊಸಿಲ ಮೇಲಿಟ್ಟ. ಉಗಿಯಲಿಲ್ಲ.

ಲಟಕ್.

ಮಂಗಳ ಗೋಡೆಯಿಂದ ಕಳಚಿ ಬಿದ್ದಳು. ಬೋಳು ತಲೆಯನ್ನು ಎರಡೂ ಕೈಯಿಂದ ಮುಟ್ಟಿ ನೋಡಿಕೊಂಡಳು. ಎದ್ದಳು. ಗಂಡನನ್ನು ಬಳಸಿ ನಡೆದು ಹೊಸಿಲು ದಾಟಿದಳು. ಸುಲಭವಾಗಿ, ಯಾರದೋ ಮನೆಯಿಂದ ಹೊರಡುವವರ ಹಾಗೆ.

“ಮಂಗಳಾ, ನಿಂಗೋಸ್ಕರಾನೇ...”

ಅವಳು ತಿರುಗಿದಳು. ಸೆರಗನ್ನು ತಲೆಗೆ ಹೊದ್ದುಕೊಂಡಳು.

“ನಾನು ಹೊಸಿಲು ಕೇಳಿದ್ದೆ. ಅವಳ ಹೊಸಿಲು ಕೇಳಿರಲಿಲ್ಲ.”

ಅವಳ ಚಪ್ಪಲಿಯ ಸದ್ದು ಬೀದಿಯ ತಿರುವಿನವರೆಗೂ ಕೇಳಿಸಿತು. ಕೂಗಿ ಕರೆಯಬೇಕೆಂದು ಸ್ವಾಮಿ ಕಾಲೆತ್ತಿದ. ಕಾಲು ಗಾಳಿಯಲ್ಲಿ ನಿಂತಿತು. ಗಂಟಲಿನಲ್ಲಿ ಏನೋ ಅಲುಗಿತು. ಗಿಡ್ಡ, ಒರಟು ಕೂದಲು. ಕಾಲನ್ನು ಒಳಗಿಟ್ಟ.

ಚಿಕ್ಕಬಸಮ್ಮನಿಗೆ ವಿಷಯ ತಿಳಿಸಿದವಳು ಮಂಗಳಳೇ. ಮನೆ ವಾಪಸ್ ತಗೊಳ್ಳಿ ಎಂದಳಂತೆ. ಚಿಕ್ಕಬಸಮ್ಮ ಬಂದು ಬೀದಿಯಲ್ಲೇ ನಿಂತು, ತಾನು ಎಬ್ಬಿಸಿದ ಗೋಡೆಗಳನ್ನು ತುಂಬ ಹೊತ್ತು ನೋಡಿ, ಅತ್ತು, ಹಾಗೇ ಬಸ್ಸು ಹತ್ತಿದಳು.

ಮಳೆಗಾಲದ ಹೊತ್ತಿಗೆ ಒಂದು ಮಧ್ಯಾಹ್ನ ಪುಟ್ಟಮಾದಯ್ಯ ಹೊಸ ಗಿರಾಕಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಆ ಬೀದಿಗೆ ಬಂದ. ಗಿರಾಕಿ ಬೈಕಿನಿಂದಿಳಿದು ಆ ಮನೆಯತ್ತಲೇ ಕೈ ತೋರಿಸಿದ. “ಇದು ಚೆನ್ನಾಗಿದೆಯಲ್ಲ ಬ್ರೋಕರ್ರೇ?”

“ಅದೊಂದ್ನ ಕೇಳ್ಬ್ಯಾಡಿ ಸಾ. ಓನರ್ ಆಚ್ಗ ಬರಾಕಿಲ್ಲ. ಊಟ ಕಿಟ್ಕೀಲಿ ಕೊಡ್ತರ.”

“ಯಾಕೆ, ಮಾಟ ಮಾಡಿಸಿದಾರಾ?” ಗಿರಾಕಿ ಗಹಗಹಿಸಿದ. “ಹಾಗಾದ್ರೆ ಇನ್ನೊಂದು ನಿಂಬೆಹಣ್ಣು ಇಟ್ಟು ನಾವೇ ಓಡಿಸಿದ್ರಾಯ್ತು. ಕೊಳ್ಳೇಗಾಲ ಅಲ್ವಾ!”

ಆ ನಗು ಸ್ವಾಮಿಗೆ ಗೊತ್ತಿತ್ತು. ಕಿಟಕಿಯ ಸರಳು ಹಿಡಿದ. ಬೇಡ ಎನ್ನಬೇಕು. ತಮಾಷೆಗೂ ಬೇಡ. ಒಂದೇ ಮಾತು, ಬೇಡ. ಬಾಯಿ ತೆರೆದ.

ಬಾಯಿ ತುಂಬ ಕೂದಲಿತ್ತು.