ಎರಡನೇ ಗೇರಿನ ಉಂಗುರ

ಮಂಗಳವಾರ ಬೆಳಿಗ್ಗೆ 9.20ಕ್ಕೆ ಹಾಲಿನ ವ್ಯಾನ್ ಚಾಲಕನ ಹೆಂಡತಿ ಠಾಣೆಗೆ ಲಿಖಿತ ದೂರು ತಂದಳು. ಹಿಂದಿನ ದಿನ ಇಳಿಜಾರಿನಲ್ಲಿ ವ್ಯಾನ್ ಹತೋಟಿ ತಪ್ಪಿ ಸೈಕಲ್ ಸವಾರನೊಬ್ಬ ಸತ್ತಿದ್ದ. ನಿರ್ಲಕ್ಷ್ಯದ ಚಾಲನೆಯೆಂದು ಚಾಲಕನ ಮೇಲೆ ಎಫ್‌ಐಆರ್ ಆಗಿತ್ತು. ಕಾಲು ಮುರಿದುಕೊಂಡ ಆತ ಆಸ್ಪತ್ರೆಯಲ್ಲಿ ಪೊಲೀಸ್ ಕಾವಲಿನಲ್ಲಿದ್ದ.

"ಎರಡನೇ ಗೇರ್ ಬೀಳಲೇ ಇಲ್ಲವಂತೆ ಸಾರ್, ಬರೀ ಬ್ರೇಕಿಗೆ ವ್ಯಾನ್ ನಿಲ್ಲಲಿಲ್ಲವಂತೆ. ಗೇರ್‌ಬಾಕ್ಸ್ ಬಿಚ್ಚಿ ಕಟ್ಟಿಸಿ ಎಂಟು ದಿನ ಆಗಿತ್ತಷ್ಟೇ. ಅವರನ್ನ ಜೈಲಿಗೆ ಹಾಕೋ ಮುಂಚೆ ಅದನ್ನೊಂದು ಸಲ ನೋಡಿ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಹೆಡ್ ಕಾನ್‌ಸ್ಟೇಬಲ್ ಗೊಣಗಿದ. ಇನ್ಸ್‌ಪೆಕ್ಟರ್ ನಗಲಿಲ್ಲ.

11.40ಕ್ಕೆ ಪಂಚರ ಎದುರು ಸಾರಿಗೆ ಇಲಾಖೆಯ ತಪಾಸಕಿ ಗೇರ್‌ಬಾಕ್ಸ್ ಬಿಚ್ಚಿಸಿದಳು. ಪ್ರತಿ ಗೇರಿಗೂ ಒಂದು ಹಿತ್ತಾಳೆ ಉಂಗುರ. ಬೇರೆ ಬೇರೆ ವೇಗದಲ್ಲಿ ತಿರುಗುವ ಎರಡು ಭಾಗಗಳನ್ನು ಅದು ಉಜ್ಜಿ ಒಂದೇ ವೇಗಕ್ಕೆ ತರುತ್ತದೆ, ಆಮೇಲೆಯೇ ಗೇರ್ ಬೀಳುವುದು ಎಂದು ವಿವರಿಸಿದಳು. ಎರಡನೇ ಗೇರಿನ ಮೇಲೆ ಉಂಗುರವನ್ನು ಒತ್ತಿ, ನಡುವಿನ ಸಂದಿಗೆ ಅಳತೆಯ ತೆಳು ತಗಡು ತೂರಿಸಿದಳು. ಮಿಲಿಮೀಟರಿನ ಹತ್ತರಲ್ಲಿ ಎಂಟು ಭಾಗವಾದರೂ ಸಂದಿ ಇರಬೇಕಿತ್ತು. ಇದ್ದದ್ದು ಮೂರು. ಎಂಟು ದಿನದಲ್ಲಿ ಇಷ್ಟು ಸವೆಯುವುದಿಲ್ಲ ಎಂದಳು. ಪಂಚನಾಮೆ ಬರೆಯುತ್ತಿದ್ದ ಮಹಿಳಾ ಕಾನ್‌ಸ್ಟೇಬಲ್ ಬಾಗಿ, ಉಗುರಿನ ದಪ್ಪದಷ್ಟೂ ಇಲ್ಲದ ಆ ಸಂದಿಯನ್ನು ಎರಡು ಸಲ ನೋಡಿದಳು.

ಮಧ್ಯಾಹ್ನ 3ಕ್ಕೆ ಎಲ್ಲರೂ ಉಂಗುರ, ಗೇರುಗಳೊಂದಿಗೆ ಅದನ್ನು ಕಟ್ಟಿದ್ದ ಗ್ಯಾರೇಜಿಗೆ ಹೋದರು. ಮೇಸ್ತ್ರಿಗೆ ನಲವತ್ತು ವರ್ಷದ ಕೈ. ಮಗಳೇ ಕೆಲಸದ ಚೀಟಿ ಬರೆಯುವವಳು. ಚೀಟಿಯಲ್ಲಿ ಹೀಗಿತ್ತು: ಎರಡನೇ ಉಂಗುರ, ಸಂದಿ 0.8, ಸರಿಯಿದೆ.

ಮತ್ತೆ ಅಳೆದು ತೋರಿಸಲು ಇನ್ಸ್‌ಪೆಕ್ಟರ್ ಹೇಳಿದರು. ಮೇಸ್ತ್ರಿ ತಗಡಿನ ಮೇಲಿನ ಅಂಕಿಯನ್ನು ಮೂಗಿನ ಹತ್ತಿರ ಹಿಡಿದು, ಬೆಳಕಿಗೆ ತಿರುಗಿಸಿ, ಮತ್ತೆ ತಿರುಗಿಸಿದ. ಕಾನ್‌ಸ್ಟೇಬಲ್ ಅದನ್ನು ಗಮನಿಸಿ ಕೇಳಿದಳು.

"ಮೇಸ್ತ್ರಿ, ಆ ಗಡಿಯಾರದಲ್ಲಿ ಎಷ್ಟು ಗಂಟೆ?"

ಅವನು ಗೋಡೆಯ ಕಡೆ ನೋಡಲಿಲ್ಲ, ಮಗಳ ಕಡೆ ತಿರುಗಿದ. ಆಮೇಲೆ ತಗಡನ್ನು ಕೆಳಗಿಟ್ಟ.

"ನಾಲ್ಕೂ ಉಂಗುರ ಕಲಸಿ ಕೊಡಿ."

ಕಣ್ಣು ಮುಚ್ಚಿದ. ಒಂದೊಂದಕ್ಕೂ ಎಣ್ಣೆ ಸವರಿ, ಗೇರಿಗೆ ಒತ್ತಿ ತಿರುಚಿದ. ಒಳಗಿನ ಸಣ್ಣ ಗೀರುಗಳ ಮೇಲೆ ಹೆಬ್ಬೆರಳ ಉಗುರು ಎಳೆದ. ಇದು ನಾಲ್ಕನೇದು, ಇದು ಒಂದನೇದು, ಇದು ಮೂರನೇದು, ಇನ್ನೂ ವರ್ಷ ಬಾಳುತ್ತೆ ಎನ್ನುತ್ತಾ ಹೋದ. ಕೊನೆಯದು ಹಿಡಿಯದೆ ಗೇರಿನ ಮೇಲೆ ಜಾರಿತು.

"ಇದು ಎರಡನೇದು. ಸತ್ತಿದೆ. ಸಂದಿ ಮೂರು ಇರಬಹುದು."

ತಪಾಸಕಿ ಎಲ್ಲವನ್ನೂ ಮತ್ತೆ ಅಳೆದಳು. ಒಂದೂ ತಪ್ಪಿರಲಿಲ್ಲ. ಹೆಡ್ ಕಾನ್‌ಸ್ಟೇಬಲ್ ಯಾವಾಗಲೋ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡಿದ್ದ.

"ಕೈಗೆ ಇಷ್ಟು ಗೊತ್ತಿದ್ದೂ ಯಾಕೆ ಹಾಕಿದ್ರಿ?" ಎಂದರು ಇನ್ಸ್‌ಪೆಕ್ಟರ್.

"ಅವತ್ತೂ ಕೈ ಬೇಡ ಅಂತು ಸಾರ್. ಮಗಳು ಪಕ್ಕದಲ್ಲೇ ನಿಂತು ಬರೀತಿದ್ಲು. ಅಪ್ಪಂಗೆ ಕಣ್ಣು ಕಾಣಲ್ಲ ಅಂತ ಅವಳಿಗೆ ಅನುಮಾನ ಬಂದಿತ್ತು. ಅದಕ್ಕೇ ಕಾಣುತ್ತೆ ಅಂತ ತೋರಿಸೋಕೆ, ಕೈ ಹೇಳಿದ್ದು ಬಿಟ್ಟು ತಗಡು ಓದಿ ಹೇಳಿದೆ. ಮೂರನ್ನ ಎಂಟು ಅಂತ ಓದಿದೆ."

ಅಪಘಾತದ ಸುದ್ದಿ ಕೇಳಿದಾಗಲೇ ಉಂಗುರವೇ ಕಾರಣವೆಂದು ಗೊತ್ತಾಗಿತ್ತೇ ಎಂದು ಇನ್ಸ್‌ಪೆಕ್ಟರ್ ಕೇಳಿದರು. ಅವನು ಹೌದೆಂದು ತಲೆಯಾಡಿಸಿದ.

4.50ಕ್ಕೆ ಚಾಲಕನ ಕಾವಲು ತೆಗೆಯುವಂತೆ ಆಸ್ಪತ್ರೆಗೆ ಫೋನ್ ಹೋಯಿತು. 5.10ಕ್ಕೆ ಮೇಸ್ತ್ರಿಯ ಬಂಧನ. ಬಂಧನ ಪತ್ರದಲ್ಲಿ ಸಹಿ ಎಲ್ಲಿ ಹಾಕಬೇಕೆಂದು ಅವನು ಕೇಳಲಿಲ್ಲ. ಮಗಳೇ ಬಂದು, ಅವನ ಬೆರಳು ಹಿಡಿದು ಗೆರೆಯ ಮೇಲಿಟ್ಟಳು.