ಕಾರ್ಕಳದ ಮೂರನೆಯ ಕಟ್ಟು

1983ರ ಜೂನ್ 14, ಮಂಗಳವಾರ ಬೆಳಿಗ್ಗೆ ಉಡುಪಿ ಠಾಣೆಗೆ ದೂರು ತಂದವರು ಮಣಿಪಾಲದಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ಸುಗಂಧಿ. ವೈದ್ಯಕೀಯ ಪ್ರವೇಶ ಪರೀಕ್ಷೆ ನಡೆಸಿದ ಮಂಡಳಿ ಅಂಕಗಳ ಪರಿಶೀಲನೆಯನ್ನು ಅವರಿಗೆ ವಹಿಸಿತ್ತು. ಸೀಟಿನ ಪಟ್ಟಿ ಶುಕ್ರವಾರ ಹೊರಬೀಳಲಿತ್ತು.

"ಎಂತ ಆಗಿದೆ?" ಇನ್ಸ್‌ಪೆಕ್ಟರ್ ವಿಠಲ ಕೇಳಿದರು.

"ಕಾರ್ಕಳ ಕೇಂದ್ರದ ಮೂರನೆಯ ಕೊಠಡಿಯ ಹದಿನೆಂಟು ಮಂದಿಗೆ ಭೌತಶಾಸ್ತ್ರದಲ್ಲಿ ಬರಬೇಕಾದ ಅಂಕ ಬಂದಿಲ್ಲ."

"ಓದಿರಲಿಕ್ಕಿಲ್ಲ."

"ಪ್ರತಿ ಪ್ರಶ್ನೆಗೆ ನಾಲ್ಕು ಉತ್ತರ ಉಂಟು, ಸರ್. ಏನೂ ಓದದವನು ಕಣ್ಣು ಮುಚ್ಚಿ ಗೀಚಿದರೂ ನೂರಕ್ಕೆ ಇಪ್ಪತ್ತೈದರ ಹತ್ತಿರ ಬರುತ್ತದೆ. ಇವರಲ್ಲಿ ಹೆಚ್ಚಿನವರಿಗೆ ಹತ್ತೂ ಇಲ್ಲ. ರಸಾಯನಶಾಸ್ತ್ರದಲ್ಲಿ ಎಂಬತ್ತು ತೆಗೆದವರು ಅವರು."

"ಅಂದರೆ?"

"ಅಷ್ಟು ತಪ್ಪು ಮಾಡಬೇಕಾದರೆ ಸರಿಯುತ್ತರ ಗೊತ್ತಿರಬೇಕು. ಯಾರೋ ಸರಿಯಾದದ್ದನ್ನೇ ಹುಡುಕಿ ಅಳಿಸಿದ್ದಾರೆ."

ವಿಠಲ ಎಫ್‌ಐಆರ್ ದಾಖಲಿಸಿದರು.

ಮಧ್ಯಾಹ್ನ ಕಡಿಯಾಳಿಯಲ್ಲಿದ್ದ ಮಂಡಳಿಯ ಕಚೇರಿಯಲ್ಲಿ, ಇಬ್ಬರು ಪಂಚರ ಎದುರು ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿ ಪಂಚನಾಮೆ ಮಾಡಲಾಯಿತು. ಹೆಡ್ ಕಾನ್‌ಸ್ಟೆಬಲ್ ಶೀನ ಒಂದು ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದ. ಪೆನ್ಸಿಲ್ ಅಕ್ಷರಗಳ ಅಡಿಯಲ್ಲಿ ರಬ್ಬರು ಉಜ್ಜಿದ ಹಳೆಯ ಅಕ್ಷರಗಳ ಗೀರು ಕಾಣಿಸಿತು.

ಕಪಾಟಿನ ಕೀಲಿ ಇದ್ದದ್ದು ಗುಮಾಸ್ತ ಸುಂದರನ ಬಳಿ. ವಿಠಲ ಅವನತ್ತ ತಿರುಗಿದರು.

"ಸರಿಯುತ್ತರದ ಪ್ರತಿ ನಿನಗೆ ಯಾವಾಗ ಸಿಕ್ಕಿತು?"

"ಅದು ನೇರ ಮೌಲ್ಯಮಾಪಕರ ಕೈಗೆ ಹೋಗುವುದು. ನಾನು ಎಸ್ಸೆಸ್ಸೆಲ್ಸಿಯನ್ನೇ ಮೂರು ಸಲ ಬರೆದವನು, ಸರ್. ನನಗೆ ಭೌತಶಾಸ್ತ್ರ ಎಲ್ಲಿಂದ?"

"ಕಟ್ಟು ನೇರವಾಗಿ ಇಲ್ಲಿಗೇ ಬಂತಾ?"

"ಮೂರನೆಯದು ಮಾತ್ರ ಮರುದಿನ ಬಂತು. ಅದನ್ನು ತರುತ್ತಿದ್ದ ಜೀಪು ಬೆಳ್ಮಣ್‌ನಲ್ಲಿ ಕೆಟ್ಟಿತಂತೆ. ಲಿಯೋನೆಲ್ ಮಾಸ್ಟ್ರು ಕಾಪುವಿನ ತಮ್ಮ ಮನೆಯಲ್ಲಿಟ್ಟು ತಂದುಕೊಟ್ಟರು."

ಲಿಯೋನೆಲ್ ಕಾರ್ಕಳ ಕೇಂದ್ರದ ಮುಖ್ಯಸ್ಥರು. ಅರಗಿನ ಮುದ್ರೆ ಅವರದೇ ವಶದಲ್ಲಿತ್ತು. ಕಲಿಸುವುದು ಭೌತಶಾಸ್ತ್ರ. ಮಗಳು ಸೆಲೀನ್ ಅದೇ ಕೊಠಡಿಯಲ್ಲಿ ಪರೀಕ್ಷೆ ಬರೆದಿದ್ದಳು.

"ಮಗಳಿಗಾಗಿಯೇ ಮಾಡಿದ್ದು," ಎಂದ ಶೀನ.

ಆದರೆ ಸೆಲೀನಳ ಹಾಳೆಯಲ್ಲಿ ಎಲ್ಲರಿಗಿಂತ ಕಡಿಮೆ, ನಾಲ್ಕೇ ಅಂಕ.

"ಸ್ವಂತ ಮಗಳನ್ನು ಯಾರು ಬೀಳಿಸುತ್ತಾರೆ ಮಾರಾಯ?" ವಿಠಲರ ಲೆಕ್ಕ ಅಲ್ಲಿಗೆ ತಪ್ಪಿತು.

ಬುಧವಾರವಿಡೀ ಸುಗಂಧಿ ಭೂತಗನ್ನಡಿ ಹಿಡಿದು ಅಳಿಸಿದ ಅಕ್ಷರಗಳನ್ನು ಓದಿದರು. ಸಂಜೆಯ ಹೊತ್ತಿಗೆ ಹೇಳಿದರು: "ಸೆಲೀನ್‌ಗೆ ನಿಜವಾಗಿ ಬಂದದ್ದು ತೊಂಬತ್ತೊಂದು. ಎಲ್ಲ ಕೇಂದ್ರಗಳಲ್ಲೂ ಅವಳೇ ಮೊದಲು. ಅವಳೊಬ್ಬಳೇ ಬಿದ್ದಿದ್ದರೆ ಮರುಪರಿಶೀಲನೆ ಕೇಳುತ್ತಿದ್ದಳು. ಇಡೀ ಕೊಠಡಿ ಬಿದ್ದರೆ ಪ್ರಶ್ನೆಗಳೇ ಕಷ್ಟ ಇದ್ದವು ಎಂದುಕೊಳ್ಳುತ್ತಾಳೆ, ಅಲ್ವಾ?"

ವಿಠಲ ಮಂಡಳಿಗೆ ಫೋನು ಮಾಡಿ ಶುಕ್ರವಾರದ ಪಟ್ಟಿ ತಡೆಯಲು ಹೇಳಿದರು.

ಗುರುವಾರ ಬೆಳಿಗ್ಗೆ ಅವರು ಕಾಪುವಿನ ಮನೆಗೆ ಹೋದಾಗ ಲಿಯೋನೆಲ್ ಜಗಲಿಯಲ್ಲೇ ಇದ್ದರು. ಒಳಗಿನ ಗೋಡೆಯಲ್ಲಿ ಹಾರ ಹಾಕಿದ ಹುಡುಗಿಯೊಬ್ಬಳ ಫೋಟೋ.

"ಕಟ್ಟನ್ನು ಬಿಚ್ಚಿದ್ದು ನೀವೇ?"

"ಹೌದು."

"ಆ ಫೋಟೋ ಯಾರದು?"

"ತೆರೆಸಾ. ಸೆಲೀನಳ ಅಕ್ಕ. ಎರಡು ವರ್ಷದ ಹಿಂದೆ ದೂರದ ಊರಿನಲ್ಲಿ ಮೆಡಿಕಲ್ ಸೇರಿದಳು. ಹಾಸ್ಟೆಲಿನಲ್ಲಿ ಸೀನಿಯರುಗಳ ಕಾಟ. ಮನೆಗೆ ಬರುತ್ತೇನೆ ಎಂದು ಫೋನು ಮಾಡಿದಳು. ಹೆದರಬೇಡ, ಅಲ್ಲೇ ನಿಲ್ಲು ಎಂದು ನಾನೇ ಹೇಳಿದೆ. ಒಂದು ವಾರ ನಿಂತಳು. ಆಮೇಲೆ ನಾವು ಹೋಗಿ ಹೆಣ ತಂದೆವು."

"ಉಳಿದ ಹದಿನೇಳು ಮಂದಿ ಎಂತ ಮಾಡಿದ್ದರು?"

"ಏನೂ ಇಲ್ಲ. ಹೆಸರು ಕಾಣದ ಹಾಗೆ ಹಾಳೆ ಮಡಚಿಟ್ಟು ಅಳಿಸಿದೆ."

ವಿಠಲ ಬಂಧನದ ಕಾರಣ ತಿಳಿಸಿ ಸಹಿ ಪಡೆದರು. ಅಷ್ಟರಲ್ಲಿ ಒಳಗಿನಿಂದ ಸೆಲೀನ್ ಬಂದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಎಲ್ಲರಿಗೂ ಅಂಕ ಸರಿ ಮಾಡುತ್ತಾರಾ, ಸರ್?"

"ಮಾಡುತ್ತಾರೆ. ನಾಳೆಯ ಪಟ್ಟಿಯನ್ನು ತಡೆದಿದ್ದೇವೆ."

ಅವಳು ಅಪ್ಪನ ರಕ್ತದೊತ್ತಡದ ಮಾತ್ರೆಗಳನ್ನು ಅವರ ಅಂಗಿಯ ಕಿಸೆಗೆ ಹಾಕಿದಳು. ಕಾಲರು ಸರಿಪಡಿಸಿದಳು.

"ನಾನು ಮೆಡಿಕಲಿಗೆ ಹೋಗುತ್ತೇನೆ, ಪಪ್ಪಾ," ಎಂದಳು. "ಅಲ್ಲಿ ಸರಿಯಾಗದಿದ್ದರೆ ವಾಪಸು ಬರುತ್ತೇನೆ. ಆಗ ಬಾ ಅನ್ನಿ, ಸಾಕು."

ಲಿಯೋನೆಲ್ ತಲೆಯಾಡಿಸಿದರು. ಶೀನ ಜೀಪಿನ ಬಾಗಿಲು ತೆರೆದು ಹಿಡಿದ.