ತಂಗಿ ಅಂತ ಯಾಕಂದೆ, ಲಿಂಗರಾಜ?

"ಹಲೋ! ಅದು ನನ್ ಪುಳಿಯೋಗರೆ ಗೊಜ್ಜು!"

ಪ್ರಾಗ್‌ನ ಹಾಸ್ಟೆಲ್ ಅಡುಗೆಮನೇಲಿ ಬನಶಂಕರಿ ಇಂಗ್ಲಿಷ್ ಮರ್ತು ಕನ್ನಡದಲ್ಲೇ ಕಿರುಚ್ಬಿಟ್ಲು. ಅನ್ನಕ್ಕೆ ಗೊಜ್ಜು ಕಲಸ್ತಿದ್ದ ಉದ್ದನೆ ಹುಡುಗ ಬೆಚ್ಚಿಬಿದ್ದ.

"ಕನ್ನಡಾನಾ?! ಸಾರಿ ರೀ... ಫ್ರೀ ಶೆಲ್ಫಲ್ಲಿತ್ತು. ಯಾರೋ ಬಿಟ್ಟೋಗಿದಾರೆ ಅನ್ಕೊಂಡೆ."

"ಅಮ್ಮ ಮಾಡಿರೋ ಗೊಜ್ಜನ್ನ ಯಾರ್ರೀ ಬಿಟ್ಟೋಗ್ತಾರೆ!"

ಅವನು ತಟ್ಟೆ ಅವಳ ಕಡೆ ತಳ್ಳಿದ. ಕೋಪದಲ್ಲೇ ಅರ್ಧ ತಿಂದ್ಲು.

ಅವನು ಲಿಂಗರಾಜ. ತುಮಕೂರು, ಓದ್ತಿರೋದು ಆಸ್ಟ್ರೇಲಿಯಾದ ಬ್ರಿಸ್ಬೇನಲ್ಲಿ. ಬನಶಂಕರಿ, ಅಂದ್ರೆ ಬನು, ಮೈಸೂರು; ಓದು ಅಲ್ಲೇ ಪರ್ತ್‌ನಲ್ಲಿ, ಥಾರ್ನ್‌ಲೀ ಏರಿಯಾದಲ್ಲಿ ರೂಮು. ಇಬ್ರದ್ದೂ ಜುಲೈ ರಜೆ, ಬೆನ್ನಿಗೊಂದು ಬ್ಯಾಗು, ಪಾರ್ಟ್‌ಟೈಮ್ ದುಡ್ಡಲ್ಲಿ ಯೂರೋಪ್! ಅಲ್ಲಿಂದ ಒಟ್ಟಿಗೇ ಹೊರಟ್ರು.

ಅಬ್ಬಾ, ಇವನ ಜೊತೆ ಸುತ್ತೋದಂದ್ರೆ ತಲೆನೋವು! ಪ್ರತಿ ಸಲ ತಪ್ಪು ಪ್ಲಾಟ್‌ಫಾರ್ಮ್. ಒದ್ದೆ ಸಾಕ್ಸ್ ಅವಳ ಬ್ಯಾಗ್ ಮೇಲೆ ಒಣಗ್ತಿತ್ತು. ಆದ್ರೆ ರೈಲಲ್ಲಿ ಅವಳಿಗೆ ನಿದ್ದೆ ಬಂದ್ರೆ ಭುಜ ಒಂಚೂರೂ ಅಲ್ಲಾಡಿಸ್ತಿರ್ಲಿಲ್ಲ. ಥೂ... ಅಲ್ಲೇ ಎಡವಟ್ಟಾಗಿದ್ದು!

ವಿಯೆನ್ನಾದಲ್ಲಿ ಇವರ ಕನ್ನಡ ಕೇಳಿ ಟೂರ್ ಬಸ್ಸಿಂದ ಒಬ್ರು ಆಂಟಿ ಓಡಿಬಂದ್ರು. ಜಯಲಕ್ಷ್ಮಿ ಆಂಟಿ, ಅಡಿಲೇಡಲ್ಲಿ ಮಗನ ಜೊತೆ ಇರೋರು.

"ಇಬ್ರೇ ಬಂದಿದೀರಾ? ಈ ಹುಡುಗಿ ನಿಂಗೇನಾಗ್ಬೇಕಪ್ಪಾ?"

ಬನು ಕಿವಿ ನೆಟ್ಟಗಾಯ್ತು. ಏನಂತಾನೆ?...

"ತಂಗಿ, ಆಂಟಿ!"

ತಂಗೀನಾ?!

ಆಂಟಿ ಪ್ರೀತಿಯಿಂದ ಚಪಾತಿ ಕೊಟ್ರು, 'ಅಣ್ಣ'ನ ನಂಬರ್ ತಗೊಂಡ್ರು. ಬನು ಚಪಾತಿ ಮುಗ್ಸಿ, ಅವನ ಸಾಕ್ಸನ್ನ ತನ್ನ ಬ್ಯಾಗಿಂದ ಕಿತ್ತೆಸೆದ್ಲು. ಪರ್ತ್‌ಗೆ ವಾಪಸ್ ಬಂದ್ಮೇಲೆ ಅವನ ಫೋನೇ ಎತ್ಲಿಲ್ಲ.

ಒಂದು ಮಧ್ಯಾಹ್ನ ಅವನ ಮೆಸೇಜ್ ಬಂತು. 'ಅರ್ಜೆಂಟ್! ಜಯಲಕ್ಷ್ಮಿ ಆಂಟಿ ನಿನ್ ಜಾತಕ ಕೇಳ್ತಿದಾರೆ. ಅವರ ಮಗ ಅಮೋಘಂಗೆ.'

ತಕ್ಷಣ ಫೋನ್ ಮಾಡಿದ್ಲು. "ನೀನೇನಂದೆ?"

"ನೋಡೋಣ ಆಂಟಿ ಅಂದೆ... ಇಬ್ರನ್ನೂ ಊಟಕ್ಕೆ ಕರ್ದಿದಾರೆ."

"ನಿಜ ಹೇಳಕ್ಕೇನೋ ರೋಗ?"

"ಅವರ ಚಪಾತಿ ತಿಂದಿದೀವಲ್ಲೇ... ಯಾವ ಮುಖ ಇಟ್ಕೊಂಡ್ ಹೇಳ್ಲಿ?"

"ಬರ್ತೀನಿ ಬಿಡಣ್ಣಾ! ಹುಡುಗ ಚೆನ್ನಾಗಿದ್ರೆ ಒಪ್ಕೊಂಡೂ ಬಿಡ್ತೀನಿ!"

ಫೋನಿಟ್ಟು ಅತ್ತುಬಿಟ್ಲು. ಅಲ್ಲೂ ಇವ್ನು ಬಾಯಿ ಬಿಡ್ಲಿಲ್ಲ ಅಂದ್ರೆ ಮುಗೀತು. ಇನ್ಯಾವತ್ತೂ ಇವನ ಮುಖ ನೋಡಲ್ಲ...

ಅಡಿಲೇಡಲ್ಲಿ ಭರ್ಜರಿ ಊಟ. ಅಮೋಘ ನೋಡಿದ್ರೆ ಒಳ್ಳೆ ಹುಡುಗ, ಅದೂ ಒಂದು ಕಾಟ! ಲಿಂಗರಾಜ ಮಾತ್ರ ನೀರು ಕುಡೀತಾನೇ ಇದ್ದ.

"ಹೇಳಪ್ಪಾ," ಆಂಟಿ ಅವನ ಕಡೆ ತಿರುಗಿದ್ರು. "ಅಣ್ಣನಾಗಿ ನಿಂಗೊಪ್ಪಿಗೇನಾ?"

ಬನು ಅವನನ್ನೇ ನೋಡಿದ್ಲು. ಹೇಳೋ... ಹೇಳೋ ದಡ್ಡ!

"ಇಲ್ಲ ಆಂಟಿ." ಲೋಟ ಕೆಳಗಿಟ್ಟ. "ಅಮೋಘ ಒಳ್ಳೇವ್ರೇ. ಆದ್ರೆ ಇವ್ಳು ನನ್ ತಂಗಿ ಅಲ್ಲ. ಅವತ್ತು ಸುಳ್ಳು ಹೇಳ್ದೆ."

"ಮತ್ತೇನಾಗ್ಬೇಕು?"

"ಅದು... ಇವ್ಳನ್ನ ಇನ್ನೂ ಕೇಳಿಲ್ಲ."

"ಅಯ್ಯೋ ದೇವ್ರೇ!" ಆಂಟಿ ಸೌಟನ್ನ ಟೇಬಲ್ ಮೇಲೆ ಕುಕ್ಕಿದ್ರು. "ನನ್ ಮಗಂಗೆ ಹೊಸ ಶರ್ಟ್ ಬೇರೆ ಹಾಕ್ಸಿದೀನಿ! ಹೋಗು, ಬ್ಯಾಕ್‌ಯಾರ್ಡಲ್ಲಿ ಕೇಳ್ಕೊಂಡ್ ಬಾ. ಪಾಯಸ ಆರೋಗತ್ತೆ!"

"ಗುಡ್ ಲಕ್ ಮೇಟ್," ಅಂದ ಅಮೋಘ, ನಗು ತಡ್ಕೊಂಡು.

ಹೊರಗೆ ಒಣಗಾಕಿದ್ದ ಬೆಡ್‌ಶೀಟ್‌ಗಳ ಮಧ್ಯೆ ನಿಂತ್ರು.

"ಯಾಕೋ ತಂಗಿ ಅಂದೆ?"

"ಫ್ರೆಂಡ್ ಅಂದ್ರೆ ನಿನ್ ಬಗ್ಗೆ ಏನಾದ್ರೂ ಅನ್ಕೋತಾರೇನೋ ಅಂತ ಹೆದ್ರಿಬಿಟ್ಟೆ."

"ನಂಗೆಷ್ಟು ನೋವಾಯ್ತು ಗೊತ್ತಾ?!"

"ತಪ್ಪಾಯ್ತು ಬನು... ನೀನಂದ್ರೆ ನಂಗೆ ಪ್ರಾಣ ಕಣೇ. ಕೊನೇತನಕ ಜೊತೇಲಿರ್ತೀಯಾ?"

ಅವಳು ಕಣ್ಣೊರೆಸ್ಕೊಂಡ್ಲು.

"ಇರ್ತೀನಿ. ಆದ್ರೆ ನಮ್ಮಪ್ಪನ ಹತ್ರ ನೀನೇ ಮಾತಾಡ್ಬೇಕು."

"ಯಾವಾಗ?"

"ಈಗ್ಲೇ!"

"ಈಗ್ಲಾ?!..." ಅವನು ಜೇಬಿಂದ ಫೋನ್ ತೆಗೆದ. "ಕೈ ಹಿಡ್ಕೋತೀಯಾ?"

ಬನು ಅವನ ಬೆವರಿದ ಕೈನ ಗಟ್ಟಿಯಾಗಿ ಹಿಡ್ಕೊಂಡ್ಲು.

"ಹೂಂ. ಮಾಡು ಫೋನ್."